ಮೊದಲು ಊದು

ಮೊಯ್ನಾಕಿನಲ್ಲಿ ಗಾಳಿ ಎದ್ದರೆ
ನಾಲಿಗೆಗೆ ಮೊದಲು ತಿಳಿಯುತ್ತದೆ: ಉಪ್ಪು.
ಆಮೇಲೆ ರೊಟ್ಟಿಗೆ, ಆಮೇಲೆ ಹಗ್ಗದ ಮೇಲಿನ ಬಟ್ಟೆಗೆ,
ಕೊನೆಗೆ, ಎಷ್ಟು ಮುಚ್ಚಿಟ್ಟರೂ, ಲೆನ್ಸಿಗೆ.

ಬಸ್ಸು ನಿಲ್ಲುವ ಕಡೆ ಸಾರ್ಸೆನ್‌ಬಾಯ್ ಆಗಾನ ಸ್ಟುಡಿಯೋ.
ಬಾಗಿಲಿಗೆ ಎರಡು ಕಂಬಳಿ, ಒಂದು ಒದ್ದೆ, ಒಂದು ಒಣ.
ಲೆನ್ಸ್ ಬಿಚ್ಚುವ ಮುಂಚೆ ಒಲೆಯ ಮೇಲೆ ಕೆಟಲ್ ಇಟ್ಟು
ಹಬೆಯಾಡಿಸಿ, ತೇಲುವ ಧೂಳು ನೆಲಕ್ಕಿಳಿಯಲಿ ಎಂದು
ಕಾಯುತ್ತಿದ್ದ. ಮುಕ್ಕಾಲು ಕೆಲಸ ಅದೇ, ಕಾಯುವುದು.
ನನಗಾಗ ಹದಿನೇಳು. ಕಾಯಲು ಬರುತ್ತಿರಲಿಲ್ಲ.

"ಬಿಬಿನಾಜ್, ಕಣ್ಣಿಗೆ ಕಸ ಬಿದ್ದರೆ ಏನು ಮಾಡ್ತೀ?"
ಉಜ್ಜಿಕೊಳ್ತೀನಿ.
"ಅದಕ್ಕೇ ನಿನ್ನ ಕಣ್ಣು ಯಾವಾಗಲೂ ಕೆಂಪು."

ಮೊದಲು ಊದು, ಅನ್ನುತ್ತಿದ್ದ. ಬಾಯಿಂದಲ್ಲ,
ಬಾಯಿಂದ ಊದಿದರೆ ಅರ್ಧ ಗಾಳಿ, ಅರ್ಧ ಉಗುಳು.
ಔಷಧದಂಗಡಿಯಲ್ಲಿ ಮಕ್ಕಳ ಕಿವಿ ತೊಳೆಯಲು ಮಾರುವ
ಕೆಂಪು ರಬ್ಬರಿನ ಬುರುಡೆ ಇತ್ತು ಅವನ ಹತ್ತಿರ.
ಗಾಜನ್ನು ಬೋರಲು ಹಿಡಿದು, ಕೆಳಗಿನಿಂದ, ಪುಸ್, ಪುಸ್,
ಹಾರಿದ್ದು ಮತ್ತೆ ಬಂದು ಕೂರದ ಹಾಗೆ.
ಹೋಗದಿದ್ದರೆ ಅಳಿಲು ಕೂದಲಿನ ಕುಂಚ.
ಅದರ ತುದಿಯನ್ನು ಯಾರೂ ಬೆರಳಲ್ಲಿ ಮುಟ್ಟುವಂತಿಲ್ಲ,
ಅವನ ಹೆಂಡತಿಯೂ, ನಗರದಿಂದ ಬರುವ ಇನ್ಸ್‌ಪೆಕ್ಟರೂ.
ಅದಕ್ಕೂ ಜಗ್ಗದಿದ್ದರೆ ಮಾತ್ರ ಸ್ಪಿರಿಟ್ಟು,
ಗಾಜಿನ ಮೇಲಲ್ಲ, ಬಟ್ಟೆಗೆ, ಒಂದೇ ತೊಟ್ಟು.
ಸುರಿದರೆ ಅಂಚಿನ ಸಂದಿಯಿಂದ ಒಳಗಿಳಿಯುತ್ತದೆ,
ಒಳಗಿಳಿದದ್ದಕ್ಕೆ ಹೊರಬರುವ ದಾರಿ ಗೊತ್ತಿಲ್ಲ.
ನಡುವಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ಅಂಚಿಗೆ,
ಮಗುವಿನ ಕೆನ್ನೆಯ ಹಾಲು ಒರೆಸುವಷ್ಟೇ ಭಾರ.
ಬಟ್ಟೆಯ ಅದೇ ಮಡಿಕೆ ಎರಡನೇ ಸಲ ಇಲ್ಲ.

ಹೆಬ್ಬೆಟ್ಟಿನ ಗುರುತಾದರೆ ಬೇರೆ ಮಾತು.
ಅದನ್ನು ಆವತ್ತೇ ತೆಗೆಯಬೇಕು,
ಬೆರಳೆಣ್ಣೆ ಲೇಪವನ್ನು ತಿನ್ನುತ್ತದೆ
ಸಾಲದ ಬಡ್ಡಿಯ ಹಾಗೆ, ನಾವು ಮಲಗಿದ್ದಾಗ.

ಆ ಜುಲೈನ ಮದುವೆಗೆ ಆಗಾ ಬರಲಿಲ್ಲ, ಹಲ್ಲುನೋವು.
ಮದುಮಗಳು ತುಕ್ಕು ಹಿಡಿದ ಹಡಗಿನ ಮುಂದೆ ನಿಂತಿದ್ದಳು,
ಹಡಗು ಮರಳಿನ ಮೇಲೆ, ಮರಳು ಗಾಳಿಯ ಮೇಲೆ.
ಗಾಜಿನ ತುಂಬ ಬಿಳಿ ಹಿಟ್ಟು. ಸೋದರಮಾವ ಕೂಗಿದ: ಬೇಗ!
ತಲೆವಸ್ತ್ರದ ತುದಿಯಿಂದ ಒರೆಸಿಬಿಟ್ಟೆ.

ಕರ್ ಅಂದಿತು.

ಅಷ್ಟೇ. ಯಾರಿಗೂ ಕೇಳಿಸಲಿಲ್ಲ, ವಾದ್ಯ ಜೋರಿತ್ತು.
ನನಗೆ ಇವತ್ತಿಗೂ ಕೇಳಿಸುತ್ತದೆ
ರೊಟ್ಟಿಯಲ್ಲಿ ಮರಳು ಹಲ್ಲಿಗೆ ಸಿಕ್ಕಾಗ.

ಆಗಾ ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು.
ಲೆನ್ಸನ್ನು ಕಿಟಕಿಗೆ ಹಿಡಿದು, ಓರೆಮಾಡಿ,
ಬಾತುಕೊಂಡ ಕೆನ್ನೆಯಲ್ಲೇ ಗೆರೆ ಎಣಿಸಿದ. ಮೂರು.
ಮೀನಿನ ಕಾರ್ಖಾನೆಯ ಕಾಲದಲ್ಲಿ ಇದೇ ಗಾಜಿನಲ್ಲಿ
ದೋಣಿ, ಬಲೆ, ಪದಕ ಸಿಕ್ಕ ಹೆಂಗಸರನ್ನು ತೆಗೆದಿದ್ದನಂತೆ.
"ಎಷ್ಟು ಸಲ ಇದರೊಳಗೆ ಸಮುದ್ರವನ್ನ ತುಂಬಿದೀನಿ," ಅಂದ,
"ಒಂದು ಸಲವೂ ಗೀರಲಿಲ್ಲ. ನೀರಿತ್ತಲ್ಲ.
ಈಗ ತಳ ಎದ್ದು ಬಂದಿದೆ ನೋಡು, ಉಗುರು ಸಮೇತ."

ಆಮೇಲೆ ಕಡ್ಡಿಯ ತುದಿಗೆ ಕಪ್ಪು ಶಾಯಿ ಅದ್ದಿ
ಮೂರೂ ಗೀರಿಗೆ ತುಂಬಿದ, ಕಾಡಿಗೆ ಹಚ್ಚಿದಂತೆ.
ಬರಿ ಗೀರು ಬೆಳಕನ್ನು ಚೆಲ್ಲುತ್ತದೆ,
ಕಪ್ಪಿಟ್ಟರೆ ನುಂಗಿಕೊಳ್ಳುತ್ತದೆ. ಒಳ್ಳೆಯ ಸೊಸೆ, ಅಂದ.
ನಾನು ನಗಲಿಲ್ಲ. ಅವನೂ.

ಇವತ್ತು ಪೊಲತ್ ಬಂದಿದ್ದ, ಹೊಸ ಲೆನ್ಸ್ ಹಿಡಿದುಕೊಂಡು.
ಮುಂದಿನ ಗಾಜಿನ ಮೇಲೆ ಒಂದೇ ಒಂದು ಕಣ.
ಆಗಲೇ ಜೇಬಿನಿಂದ ಕರವಸ್ತ್ರ ಹೊರಬಂದಿತ್ತು.
ಮಣಿಕಟ್ಟು ಹಿಡಿದೆ: ಮೊದಲು ಒಂದು ಚಿತ್ರ ತೆಗಿ,
ಗೋಡೆಯದ್ದೋ ಬೆಕ್ಕಿನದ್ದೋ.
ತೆಗೆದ. ದೊಡ್ಡದು ಮಾಡಿ ಮೂಲೆ ಮೂಲೆ ಹುಡುಕಿದ.
ಬೆಕ್ಕಿನ ಮೀಸೆ ಇತ್ತು, ಗೋಡೆಯ ಬಿರುಕಿತ್ತು,
ಕಣ ಎಲ್ಲೂ ಇಲ್ಲ.
"ಹಾಗಾದರೆ?"
ಹಾಗಾದರೆ ಮುಟ್ಟಬೇಡ. ಮುಚ್ಚಳ ಹಾಕು.
ಕೆಟಲ್ ಹೇಗೂ ಕುದೀತಿದೆ, ಟೀ ಕುಡಿ.

ಅವನು ಬಟ್ಟಲು ತರಲು ಒಳಗೆ ಹೋದ.
ನಾನು, ಯಾರೂ ನೋಡುತ್ತಿಲ್ಲವೆಂದು ಖಚಿತಮಾಡಿಕೊಂಡು,
ಹಳೆಯ ಬುರುಡೆ ತೆಗೆದು, ಲೆನ್ಸ್ ಬೋರಲು ಹಿಡಿದು,
ಒಂದೇ ಒಂದು ಸಲ:
ಪುಸ್.