ತಲೆ ಕೊನೆಗೆ

ಜಿಂಜಾ ದಾಟಿ ಕೆಳಗೆ, ನೈಲ್ ಇನ್ನೂ
ದೊಡ್ಡ ನದಿಯ ಗತ್ತು ಕಲಿಯದ ಕಡೆ, ನನ್ನ ಅಂಗಡಿ.
ಒಡೆದ ದೋಣಿ ಹೊಲಿಯುತ್ತೇನೆ,
ದಾರದಿಂದಲ್ಲ, ಕಾದ ಕಬ್ಬಿಣದಿಂದ.
ನನ್ನದೂ ಒಂದಿದೆ. ಯಾರೋ ಬಿಳಿಯ ಬಿಟ್ಟುಹೋದ
ಹಸಿರು ಕಯಾಕ್; ಹೊಟ್ಟೆಯ ಸೀಳಿಗೆ
ಅಡುಗೆ ಎಣ್ಣೆಯ ಹಳದಿ ಕ್ಯಾನಿನ ತೇಪೆ.
ಹೆಸರು ಮುಕೋಸೆ. ವಯಸ್ಸು ನಲವತ್ತೊಂದು.
ಗುರು ನೈಗಾಗಾ, ಅಕ್ಕನ ಮಗಳು.
ಅವಳಿಗೆ ಹದಿಮೂರು.

‘ಮಾವಾ, ತಲೆ ಕೊನೆಗೆ.’
ಮಗುಚಿದಾಗ ಮೊದಲು ಸೊಂಟ ತಿರುಗಬೇಕಂತೆ,
ಆಮೇಲೆ ಎದೆ, ಹೆಗಲು,
ಎಲ್ಲ ಮೇಲೆ ಬಂದ ಮೇಲೆ, ಕಟ್ಟಕಡೆಗೆ, ತಲೆ.
ಶಾಲೆಯಲ್ಲಿ, ಇಗರ್ಜಿಯಲ್ಲಿ, ಅಪ್ಪನ ಬೆತ್ತದೆದುರು
ತಲೆ ಎತ್ತು, ತಲೆ ತಗ್ಗಿಸು ಎಂದವರೇ ಎಲ್ಲ.
ಅದನ್ನು ಸ್ವಲ್ಪ ಹೊತ್ತು ಮರೆತುಬಿಡು ಎಂದವಳು
ಇವಳೊಬ್ಬಳೇ.
ಮರೆಯುವುದು ಹೇಗೆ? ಮೂಗು ಇರುವುದು ಅದರಲ್ಲೇ.
ಅದು ಗಾಳಿಗೆ ಹಾತೊರೆದ ಕೂಡಲೇ
ದೋಣಿ ಮತ್ತೆ ಕವುಚುತ್ತದೆ, ಮುನಿದ ಹೆಂಡತಿ
ಗೋಡೆ ಕಡೆ ಹೊರಳುವ ಹಾಗೆ.
ಕಂದು ಕತ್ತಲು. ಕಿವಿಯೊಳಗೆ ಗಿರಣಿ.
ಹುಟ್ಟು ಕೈಯಲ್ಲಿದೆಯೋ ಇಲ್ಲವೋ
ಕೈಗೇ ಗೊತ್ತಿಲ್ಲ.

ಅಲೆ ದಿನವಿಡೀ ಇರುವುದಿಲ್ಲ.
ಮೇಲೆ ಅಣೆಕಟ್ಟಿನಲ್ಲಿ ಯಾರೋ ಗುಂಡಿ ಒತ್ತಬೇಕು.
ಹೊಳೆಗೆ ಸುರಿದರೂ ಅಳೆದು ಸುರಿ ಅನ್ನುತ್ತಾರಲ್ಲ,
ಅವರು ಹೊಳೆಯನ್ನೇ ಹೊಳೆಗೆ ಅಳೆದು ಸುರಿಯುತ್ತಾರೆ.
ಸುರಿದಾಗ ಬಂಡೆಯ ಬೆನ್ನಿನಿಂದ ಜಾರಿದ ನೀರು
ತನ್ನ ಮೇಲೆ ತಾನೇ ಮಗುಚಿಬೀಳುತ್ತ
ನಿಂತುಬಿಡುತ್ತದೆ. ಸುತ್ತ ಎಲ್ಲ ಓಡುತ್ತಿರುತ್ತದೆ,
ಹುಲ್ಲಿನ ಗಂಟು, ನೊರೆ, ಯಾರದೋ ಒಂಟಿ ಚಪ್ಪಲಿ.
ಅಲೆ ಮಾತ್ರ ಎಲ್ಲಿಗೂ ಹೋಗುವುದಿಲ್ಲ.

ಅದರ ತೊಡೆಯ ಮೇಲೆ ಕೂತು ಗಿರಕಿ ಕಲಿತೆ,
ಬುಗುರಿಯ ಹಾಗೆ, ಮೊದಲು ಎಡಕ್ಕೆ, ಮಳೆಗಾಲ ಕಳೆದು ಬಲಕ್ಕೆ.
ಇನ್ನು ಲಾಗ.
ನೈಗಾಗಾ ದಡದಲ್ಲಿ ತನ್ನ ಚಪ್ಪಲಿ ಕಳಚಿ ತೋರಿಸಿದಳು:
ಮೂತಿ ನೀರಿಗೆ ಚುಚ್ಚು. ನೆಟ್ಟಗೆ ನಿಲ್ಲು.
ಜಿಗಿ.
ಹೊಟ್ಟೆ ಮಡಚು, ಕದ್ದ ಗೆಣಸು ಬಚ್ಚಿಡುವವನ ಹಾಗೆ.
ಚಪ್ಪಲಿ ಗಾಳಿಯಲ್ಲಿ ಉರುಳಿ ನೆಟ್ಟಗೆ ಬಿತ್ತು.
ನಾನು ನೆಟ್ಟಗೆ ಬೀಳಲಿಲ್ಲ.
ತಿಪ್ಪರಲಾಗ ಹಾಕಿದರೂ ಆಗದು ಅನ್ನುವುದನ್ನು
ಅಕ್ಷರಶಃ ಅನುಭವಿಸಿದವನು ನಾನು.
ಜುಲೈ ಹೋಯಿತು. ಒಂದು ಹಲ್ಲಿನ ಚೂರು ಹೋಯಿತು.
ದಡದ ಪೋರರು ನನ್ನ ಲೆಕ್ಕ ಹಿಡಿದು
ಕಡಲೆಕಾಯಿ ಪಣ ಕಟ್ಟುತ್ತಿದ್ದರು, ಕೊನೆಗೆ
ನನ್ನ ಪರ ಕಟ್ಟುವವರೇ ಸಿಗದೆ ಆಟ ನಿಂತಿತು.

ನಿನ್ನೆ, ನೀರು ನಿಲ್ಲಿಸುವ ಹೊತ್ತು ಹತ್ತಿರ,
ಮೂತಿ ಚುಚ್ಚಿದೆ. ನಿಂತೆ.
ಏನೋ ನನ್ನನ್ನು ಉಗುಳಿತು.
ಕಾಲಿರುವಲ್ಲಿ ಆಕಾಶ, ಆಕಾಶದಲ್ಲಿ ಹಳದಿ ತೇಪೆ,
ಮತ್ತೆ ಅದೇ ಅಲೆ, ಅದೇ ತೊಡೆ, ಕೂತಿದ್ದೇನೆ.
ತಲೆ ಎಲ್ಲಿತ್ತೋ ನೆನಪಿಲ್ಲ. ಆಮೇಲೆ ಬಂದಿರಬೇಕು.

ದಡಕ್ಕೆ ಕೂಗಿದೆ. ನೈಗಾಗಾ ನನಗೆ ಬೆನ್ನು ಹಾಕಿ
ಚಪಾತಿ ಅಂಗಡಿಯಲ್ಲಿ ನಿಂತಿದ್ದಳು,
ಕಾವಲಿಯ ಮೇಲೆ ಮೊಟ್ಟೆ ಹರಡಿದ ಚಪಾತಿಯನ್ನು
ಮುದುಕಿ ಮಗುಚಿ ಹಾಕುವುದನ್ನೇ ನೋಡುತ್ತ.
‘ನೋಡಿದೆಯಾ?’
‘ಏನನ್ನ?’
‘ಲಾಗ!’
‘ಬಾಯಿಮಾತು ಲೆಕ್ಕಕ್ಕಿಲ್ಲ ಮಾವಾ. ಇನ್ನೊಂದು ಹಾಕು.’
ತಿರುಗಿದೆ. ಅಲೆ ಆಗಲೇ ಮೊಣಕಾಲೆತ್ತರ,
ಆಮೇಲೆ ಗೆಣ್ಣಿನೆತ್ತರ, ಆಮೇಲೆ ಬರಿಯ ನೀರು.
ಗುಂಡಿ ಒತ್ತಿದವನು ಊಟಕ್ಕೆ ಹೋಗಿರಬೇಕು.

ಇವತ್ತು ಬೆಳಿಗ್ಗೆ ಗಿರಾಕಿಯ ದೋಣಿ ಬೋರಲು ಹಾಕಿ
ಕಬ್ಬಿಣ ಕೆಂಪಗೆ ಕಾಯಿಸಿ, ಬಿರುಕು ಹುಡುಕಲು
ಬಗ್ಗಿದ್ದೇನೆ. ಎಲ್ಲೋ ಹಣೆಯ ಹಿಂದೆ ಅಡಗಿದ್ದ
ನಿನ್ನೆಯ ನೈಲ್
ಹೇಳದೆ ಕೇಳದೆ ಮೂಗಿನಿಂದ ಇಳಿದು
ಕಬ್ಬಿಣದ ಮೇಲೆ ಬಿತ್ತು: ಚುಂಯ್.

‘ನೆಗಡಿಯಾ?’ ಎಂದ ಗಿರಾಕಿ.
ತಲೆ ಎತ್ತಲಿಲ್ಲ.
ಇನ್ನೂ ಒಂದೆರಡು ಹನಿ ಇದ್ದಂತಿತ್ತು.