ಮೋರೇರ ಗುಡ್ಡದಲ್ಲಿ ತಲೆ ಎಣಿಕೆ

ಹೊಸೂರಿನಲ್ಲಿ ಹತ್ತುತ್ತೇನೆ. ಅಲ್ಲಿಂದ ಮೈಕು ನನ್ನದು.
ಅಲ್ಲಿಯವರೆಗೆ ಬೆಂಗಳೂರಿನ ಹುಡುಗ, ಅವನ ಅಂತ್ಯಾಕ್ಷರಿ.
ಇಪ್ಪತ್ತೆರಡು ತಲೆ. ಎರಡು ಸಲ ಎಣಿಸುತ್ತೇನೆ,
ಆಡು ಕಾಯ್ದವಳ ಚಾಳಿ.
ಬಂದವರಿಗೆ ಕನ್ನಡ, ಡ್ರೈವರಿಗೆ ತೆಲುಗು,
ಚೆಕ್‌ಪೋಸ್ಟಿನವನಿಗೆ ತಮಿಳು.
ಮೂರರಲ್ಲೂ ಸುಳ್ಳು ಹೇಳಬಲ್ಲೆ,
ಲೆಕ್ಕ ಮಾತ್ರ ಕನ್ನಡದಲ್ಲೇ ಬರುತ್ತದೆ.

ಕಂಪನಿಯ ಕರಪತ್ರದಲ್ಲಿ
‘ಬೆಂಗಳೂರಿನ ಮಗ್ಗುಲಲ್ಲೇ ಪಿರಮಿಡ್ಡು!’
ಮಧ್ಯಾಹ್ನದ ಊಟ ಸೇರಿ ಸಾವಿರದೆಂಟುನೂರು.
ನನ್ನ ಬಿಲ್ಲೆಯ ಮೇಲೆ ಪಿಳ್ಳಮ್ಮ ಹೋಗಿ ಪಿಲ್ಲು ಆಗಿದ್ದಾಳೆ.
ಇರಲಿ. ಎಷ್ಟು ಎತ್ತರ ಎಂದು ಯಾರಾದರೂ ಕೇಳಿದಾಗಲೆಲ್ಲ
ಕೃಷ್ಣಗಿರಿ ಡ್ಯಾಮಿನ ಮೀನು ಫ್ರೈ ವಿಷಯ ತೆಗೆಯುತ್ತೇನೆ.

ಗುಡ್ಡ ಹತ್ತಿಸಿದೆ. ನಿಂತರು. ನೋಡಿದರು.
ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚಿದ ಮನೆಗಳು,
ನನ್ನ ಸೊಂಟಕ್ಕೆ ಬರುತ್ತವೆ.
ಮೂಡಲ ಚಪ್ಪಡಿಗೆ ದೊಡ್ಡ ಕುಂಬಳಕಾಯಿಯಷ್ಟು ಕಂಡಿ.
ಯಾರೋ ಕೇಳಿದರು: “ಪಿರಮಿಡ್ಡು ಎಲ್ಲಿ?”

ಕಾಗದದಲ್ಲಿದ್ದದ್ದು ಒಪ್ಪಿಸಿದೆ. ಮೂರು ಸಾವಿರ ವರ್ಷ,
ಸತ್ತವರಿಗೆ ಕಟ್ಟಿದ್ದು, ದಯವಿಟ್ಟು ಮೇಲೆ ಕೂರಬೇಡಿ.
ಅಜ್ಜಿ ಹೇಳಿದ್ದು ಒಪ್ಪಿಸಲಿಲ್ಲ:
ಮೋರೇರು ಅಂದರೆ ಮೂರು ಗೇಣಿನ ಜನ,
ಬೆಂಕಿ ಮಳೆ ಬರುತ್ತದೆಂದು ಹೆದರಿ ಕಲ್ಲು ಹೊದ್ದರು,
ಮಳೆ ನಿಂತಿತೋ ಇಲ್ಲವೋ ಇಣುಕಲೆಂದು ಕಂಡಿ ಇಟ್ಟರು.
ಈಗಲೂ ಇಣುಕುತ್ತಾರೆ,
ಹೊರಗೆ ನಮ್ಮ ಬಿಸಿಲು ನೋಡಿ
ಇನ್ನೂ ನಿಂತಿಲ್ಲ ಎಂದು ಒಳಗೇ ಇದ್ದಾರೆ.
ಹೇಳಿದರೆ ಜನ ನಗುತ್ತಾರೆ. ನಕ್ಕರೆ ನನಗೆ ಸಿಟ್ಟು.
ಸಿಟ್ಟು ಬಂದ ದಿನ ಟಿಪ್ಸು ಇಲ್ಲ.

ಕೊನೆಯ ಸೀಟಿನ ಜಯತೀರ್ಥ ಸಾರ್
ನಿಜವಾದ ಪಿರಮಿಡ್ಡಿಗೇ ಹೋಗಿಬಂದವರು.
ದಾರಿಯುದ್ದಕ್ಕೂ ಫೋಟೊ ತೋರಿಸಿದ್ದರು:
ಕೈರೋದಿಂದ ಏಳಕ್ಕೆ ಹೊರಟ ವ್ಯಾನು,
ಹಿಂದೆ ಆಕಾಶ ತುಂಬ ಕಲ್ಲು,
ಮುಂದೆ ಟೋಪಿ ಹಾರದಂತೆ ಹಿಡಿದುಕೊಂಡ ಹೆಂಡತಿ.
ಅವರೇ ಈಗ ಕರ್ಚೀಫು ಹಾಸಿ, ಮಂಡಿಯೂರಿ,
ಕಂಡಿಯೊಳಗೆ ತಲೆ ತೂರಿಸಿದರು.

ಒಂದು ನಿಮಿಷ. ಎರಡು.
ಮೂರು ಗಂಟೆಗೆ ಡ್ಯಾಮಿನಲ್ಲಿರಬೇಕು.
ಹೊರಗೆ ಉಳಿದದ್ದು ಒಂದು ಬೆನ್ನು, ಎರಡು ಬಿಳಿ ಶೂ.
ಹುಡುಗರು ವಿಡಿಯೊ ಮಾಡತೊಡಗಿದರು. ನಾನು ಅಡ್ಡ ನಿಂತೆ.
ಅದೇ ಮನೆಯಲ್ಲಿ, ಏಳು ವರ್ಷದವಳಿದ್ದಾಗ,
ಗುಡುಗಿದ ಒಂದು ಸಂಜೆ
ನಾನೂ ಎರಡು ಮರಿಯೂ ಮುದುಡಿ ಕೂತಿದ್ದೆವು.
ಆಗ ಆ ಕಂಡಿಗೆ ನಾನು ಪೂರ್ತಿ ಹಿಡಿಸುತ್ತಿದ್ದೆ.

ತಲೆ ಹೊರಗೆ ಬಂತು, ನೆತ್ತಿಗೆ ಜೇಡರ ಬಲೆ.
ಫೋನು ತೆಗೆದರು, ಟವರು ಹುಡುಕುತ್ತ
ಬಂಡೆಯಿಂದ ಬಂಡೆಗೆ ಹೋದರು.
“ನಾಗವೇಣೀ, ಕೇಳಿಸ್ತಾ? ಒಳಗೆ ಏನೂ ಇಲ್ಲ ಕಣೇ.
ಆಡಿನ ಹಿಕ್ಕೆ. ಹೂಂ.
ಅಲ್ಲೂ ಏನೂ ಇರ್ಲಿಲ್ಲ.
ಮಂಡಿ ನೋವು ಅಂತ ನೀನು ಹೊರಗೇ ಕೂತೆಯಲ್ಲ,
ಅಷ್ಟು ದುಡ್ಡು ಕೊಟ್ಟು, ಬಗ್ಗಿ ಬಗ್ಗಿ ಹತ್ತಿ,
ಖಾಲಿ ತೊಟ್ಟಿ ಅನ್ನೋಕೆ ಬಾಯಿ ಬರಲಿಲ್ಲ.
ಚಿನ್ನ ಅಂದೆ, ಗೋಡೆ ತುಂಬ ಹಕ್ಕಿ ಅಂದೆ.
ಒಂಬತ್ತು ವರ್ಷದಿಂದ ಮನೆಗೆ ಬಂದವರಿಗೆಲ್ಲ
ನನ್ನ ಹಣೇಲಿ ಬರೆದಿರ್ಲಿಲ್ಲ ಅಂತಿದ್ದೀಯ...”

ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದರು.
ಬೈಗುಳವೋ ನಗುವೋ, ಗಾಳಿಯಲ್ಲಿ ತಿಳಿಯಲಿಲ್ಲ.

ಇಳಿಯುವಾಗ ಎಣಿಸಿದೆ. ಇಪ್ಪತ್ತೆರಡು. ಮತ್ತೆ ಎಣಿಸಿದೆ.
ಡ್ಯಾಮಿನಲ್ಲಿ ಮೀನು ಮುಗಿದಿತ್ತು, ಎಲ್ಲರೂ ನನ್ನನ್ನೇ ಬೈದರು.
ಸೂಳಗಿರಿ ದಾಟುವಾಗ ಸಾರ್ ಮುಂದಿನ ಸೀಟಿಗೆ ಬಂದು,
ಮೊಣಕೈಯ ಮಣ್ಣು ಕೊಡವಿಕೊಳ್ಳುತ್ತ, ಮೆಲ್ಲಗೆ ಕೇಳಿದರು:
“ಅಲ್ಲಮ್ಮಾ, ಮಳೆ ಬಂದರೆ ಅದು ಸೋರುತ್ತಾ?”

ಮೈಕು ಆರಿಸಿದೆ.
“ಇಲ್ಲ ಸಾರ್,” ಎಂದೆ. “ಒಂದು ಹನಿಯೂ ಇಲ್ಲ.”