ಕಾಲಂ ಏಳು

ಬೆಳಗಿನ ಐದೂಮುಕ್ಕಾಲು, ಗಂಡಸರ ವಾರ್ಡು.
ಕೊಳೆ ಹಾಸುಗಳ ಗಂಟು ಎದೆಗವಚಿಕೊಂಡು
ಹೊರಟಿದ್ದ ಮಾಬುನ್ನಿ
ಬಾಗಿಲಲ್ಲೇ ನಿಂತಳು.
"ಏನೋ ಇರುವೆ ಕಚ್ಚಿದಂಗಾತು, ಸಿಸ್ಟರ್."

ಇರುವೆಯಲ್ಲ.
ಬಟ್ಟೆಯ ಮಡಿಕೆಯಲ್ಲಿ ಹಸಿರು ಕತ್ತಿನ ಸೂಜಿ,
ಅದರ ತುದಿಗೊಂದು ಹನಿ, ಯಾರದೋ.
ಬೆರಳ ತುದಿಗೊಂದು ಹನಿ, ಅವಳದು.

ಬಾಯಿಗೆ ಹೊರಟಿದ್ದ ಬೆರಳನ್ನು
ಗಪ್ಪನೆ ಹಿಡಿದೆ.
ಚೀಪಬೇಡ. ಹಿಂಡಬೇಡ.
ನಲ್ಲಿಯ ಕೆಳಗೆ ಹಿಡಿ, ಸೋಪು ಹಚ್ಚು, ಹರಿಯಲಿ.
ಹರಿಯಿತು ಕುಂದವಾಡ ಕೆರೆಯ ನೀರು, ತಣ್ಣಗೆ,
ಏನೂ ಆಗಿಲ್ಲವೆಂಬಂತೆ.

ಅವಳು ಬೆರಳು ನೋಡಲಿಲ್ಲ,
ಮೇಜಿನ ಮೇಲಿನ ಉದ್ದ ರಿಜಿಸ್ಟರ್ ನೋಡುತ್ತಿದ್ದಳು.
"ಬರೀಬ್ಯಾಡ್ರಿ. ಏಜೆನ್ಸಿಯೋರು
ನಾಳಿಂದ ಬರಬ್ಯಾಡ ಅಂತಾರೆ.
ಮಂಡಕ್ಕಿ ಭಟ್ಟಿ ಕೆಲಸ ನಮ್ಮನೆಯೋರಿಗೆ ಆಗವಲ್ದು,
ಹೊಗೆ ಎದ್ಯಾಗೆ ಕುಂತೈತೆ."

ರಾತ್ರಿ ಮೂರಕ್ಕೆ ಹದಿನಾಲ್ಕನೆಯ ಹಾಸಿಗೆಯಾತ
ಸೆಟೆದು ನಡುಗಿದಾಗ
ನರ ಹುಡುಕಿ ಚುಚ್ಚಿದವಳು ನಾನು.
ಒಂದು ಕೈ ಅವನ ತಲೆಗೆ ಆನಿಸಿ
ಇನ್ನೊಂದರಲ್ಲಿ ಸೂಜಿ.
ಟ್ರೇಯಲ್ಲಿಡಬೇಕು ಎಂದುಕೊಂಡೆ.
ಎಂದುಕೊಂಡದ್ದು ನೆನಪಿದೆ.
ಇಟ್ಟದ್ದು ನೆನಪಿಲ್ಲ.
ಬೆಳಕು ಹರಿಯುವ ಮೊದಲೇ ಅವನು
ಕೈಗಂಟಿದ ಪಟ್ಟಿ ಸಮೇತ ಎದ್ದು
ಹರಪನಹಳ್ಳಿ ಬಸ್ಸು ಹತ್ತಿದ್ದ.
ಅವನ ರಕ್ತ ಏನು ಹೇಳುತ್ತಿತ್ತೋ,
ಅವನೊಂದಿಗೇ ಹೋಯಿತು.

ಫಾರಂ ತೆಗೆದೆ.
ಹೆಸರು, ಹುದ್ದೆ, ಸಮಯ, ಯಾವ ಕೈ, ಎಷ್ಟು ಆಳ.
ಕಾಲಂ ಏಳು: ಘಟನೆಗೆ ಹೊಣೆ ಯಾರು?
ಜಾಗ ಒಂದೇ ಗೆರೆ.
"ಮೂಲ ತಿಳಿದಿಲ್ಲ ಅಂತ ಹಾಕಿ ಸಿಸ್ಟರ್,
ಸೂಜಿಗೇನು ಹೆಸರಿರುತ್ತಾ?"
ಡ್ಯೂಟಿ ಡಾಕ್ಟರ್ ತಿಪ್ಪೇಶ್, ಆಕಳಿಸುತ್ತಾ. ಕೆಟ್ಟವರಲ್ಲ.

ಒಂದು ಗೆರೆಯಲ್ಲಿ ಯಾರ್ಯಾರನ್ನು ಕೂರಿಸಲಿ?
ಸೂಜಿ ಕತ್ತರಿಸುವ ಯಂತ್ರ ಕೆಟ್ಟು ಹನ್ನೆರಡು ದಿನ.
ಇಂಡೆಂಟ್ ಪುಸ್ತಕದಲ್ಲಿ ಮೂರು ಸಲ ಬರೆದಿದ್ದೇನೆ,
ಮೂರನೆಯ ಸಲ ಕೆಂಪಿನಲ್ಲಿ.
ಸ್ಟೋರಿನ ಚನ್ನವೀರಪ್ಪ ಮೂರೂ ಸಲ
ನೋಡಿದೆ ಎಂದು ಚಿಕ್ಕ ಸಹಿ ಹಾಕಿದ್ದಾನೆ.
ಮಾಬುನ್ನಿಗೆ ಕೈಗವಸು ವಾರಕ್ಕೊಂದೇ ಜೊತೆ,
ತೊಳೆದು ಕಿಟಕಿ ಸರಳಿಗೆ ನೇತುಹಾಕುತ್ತಾಳೆ.
ಗಾಳಿಗೆ ಐದು ಬೆರಳೂ ಅಲ್ಲಾಡುತ್ತವೆ,
ಬಾ ಎನ್ನುತ್ತವೋ ಬೇಡ ಎನ್ನುತ್ತವೋ.
ಗೋಡೆಯ ಮೇಲೆ ಹಳದಿ ಕೆಂಪು ನೀಲಿ ಬಿಳಿ
ಬುಟ್ಟಿಗಳ ಚಿತ್ರ, ಕೆಳಗೆ ದಪ್ಪಕ್ಷರ:
ಸುರಕ್ಷತೆ ಎಲ್ಲರ ಹೊಣೆ.
ಎಲ್ಲರ ಎಂದರೆ ಎಷ್ಟು ಸಲೀಸು!
ಎಲ್ಲರ ಕೈಯಿಂದ ಜಾರಿ ಜಾರಿ
ಇವಳ ಬೆರಳಿಗೆ ಬಂದು ನಿಂತಿದೆ.

ಬರೆಯದಿದ್ದರೆ ಮಾತ್ರೆ ಇಲ್ಲ, ಪರೀಕ್ಷೆ ಇಲ್ಲ,
ಅದು ಬರೀ ಇರುವೆ.

ಕಾಲಂ ಏಳರಲ್ಲಿ ನನ್ನ ಹೆಸರು ಬರೆದೆ,
ಪೂರ್ತಿ, ಇನಿಷಿಯಲ್ ಸಮೇತ.
ಆಮೇಲೆ ಅಂಚಿನಲ್ಲಿ, ಮೇಲೆ, ಕೆಳಗೆ, ಅಡ್ಡಡ್ಡ,
ಕೆಟ್ಟ ಯಂತ್ರ, ಇಂಡೆಂಟಿನ ಮೂರು ತಾರೀಖು,
ಕೈಗವಸಿನ ತೂತು, ಏಜೆನ್ಸಿಯ ಹೆಸರು.
ಸದರಿಯವಳನ್ನು ಕೆಲಸದಿಂದ ಬಿಡಿಸತಕ್ಕದ್ದಲ್ಲ.
ಹಾಗೆ ಬರೆಯುವ ಅಧಿಕಾರ ನನಗಿಲ್ಲ.
ಬರೆದೆ.

ಆರೂಕಾಲಿಗೆ ಮೊದಲ ಮಾತ್ರೆ ನುಂಗಿ
"ಕಹಿ ಏನಿಲ್ಲ ಬಿಡ್ರಿ" ಅಂದಳು, ಮುಖ ಕಿವುಚಿ.
ಇಪ್ಪತ್ತೆಂಟು ದಿನ ಹೊಟ್ಟೆ ತೊಳಸಿ ತೊಳಸಿ
ಒಣ ಮಂಡಕ್ಕಿಯಲ್ಲೇ ಕಳೆದಳು.
ನನಗೊಂದು ನೋಟಿಸು, ಯಂತ್ರಕ್ಕೊಂದು ಬ್ಲೇಡು,
ಒಂದೇ ದಿನ ಬಂದವು.

ಮೊನ್ನೆ ನೆಲ ಒರೆಸುತ್ತಾ ಮೇಜಿನ ಬಳಿ ನಿಂತು,
"ಅದ್ರಾಗೆ ನನ್ನ ಹೆಸ್ರು ಯಾವ್ದು?"
ತೋರಿಸಿದೆ.
"ಕೆಳಗಿಂದು?"
ನಂದು.
ಒದ್ದೆ ಬೆರಳು ಸೆರಗಿಗೆ ಒರೆಸಿಕೊಂಡು
ಎರಡರ ಮೇಲೂ ಮೆಲ್ಲಗೆ ಆಡಿಸಿ
"ನಿಮ್ದು ಸಣ್ಣಕೈತೆ" ಅಂದಳು.

ಮೂರು ತಿಂಗಳ ಪರೀಕ್ಷೆಗೆ ಇನ್ನೂ ಹತ್ತೊಂಬತ್ತು ದಿನ.
ನೆಲ ಒದ್ದೆ. ಜಾರುತ್ತದೆ ಎನ್ನುವ ಹಳದಿ ಫಲಕ
ಎಲ್ಲಿಟ್ಟಿದ್ದಾರೋ, ಹುಡುಕಿ ತಂದು
ನಾನೇ ಇಟ್ಟೆ.